ಮೆಚ್ಚುವುದು ಬೇರೆ, ಗೆಲ್ಲಿಸುವುದು ಬೇರೆ

ಪ್ರಶಸ್ತಿ ಸಮಾರಂಭಗಳ ವೇದಿಕೆಯಲ್ಲಿ ಒಂದು ಮಾತು ಪ್ರತಿ ವರ್ಷವೂ ಕೇಳಿಬರುತ್ತದೆ. ಕಲಾವಿದರು ಫಲಕವನ್ನು ಹಣೆಗೊತ್ತಿಕೊಂಡು, ಗಂಟಲು ಕಟ್ಟಿದ ದನಿಯಲ್ಲಿ, ಇದು ತೀರ್ಪುಗಾರರು ಕೊಟ್ಟದ್ದಲ್ಲ, ನೀವು ಕೊಟ್ಟದ್ದು, ಹಾಗಾಗಿ ಇದರ ಬೆಲೆಯೇ ಹೆಚ್ಚು ಎನ್ನುತ್ತಾರೆ. ಸಭಾಂಗಣ ಶಿಳ್ಳೆ ಹೊಡೆಯುತ್ತದೆ. ಮನೆಯಲ್ಲಿ ಟಿ.ವಿ. ಮುಂದೆ ಕೂತವರ ಕಣ್ಣೂ ತೇವವಾಗುತ್ತದೆ. ಆ ಕಲಾವಿದರ ಕೃತಜ್ಞತೆ ಪ್ರಾಮಾಣಿಕವಾದದ್ದು. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಆ ಮಾತಿನ ಬುಡದಲ್ಲಿರುವ ನಂಬಿಕೆಯ ಬಗ್ಗೆ. ತೀರ್ಪುಗಾರರ ಪ್ರಶಸ್ತಿಯಲ್ಲಿ ಶಿಫಾರಸು ನುಸುಳುತ್ತದೆ, ಪಾಂಡಿತ್ಯದ ಬಿಗುಮಾನ ಇರುತ್ತದೆ, ಪ್ರೇಕ್ಷಕರ ಮತದಲ್ಲಿ ಮಾತ್ರ ಜನರ ಮನಸ್ಸು ಕಲಬೆರಕೆಯಿಲ್ಲದೆ ಸಿಗುತ್ತದೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ವಾಹಿನಿಗಳು ತಮ್ಮ ಪ್ರಶಸ್ತಿಗಳಿಗೆ ‘ಜನಮೆಚ್ಚಿದ ನಾಯಕ’, ‘ಜನಮೆಚ್ಚಿದ ಜೋಡಿ’ ಎಂದು ಹೆಸರಿಡುವುದು ಇದೇ ನಂಬಿಕೆಯ ಮೇಲೆ. ಅಲ್ಲಿ ಜನರಿದ್ದಾರೆ ಎಂಬುದು ನಿಜ. ಮೆಚ್ಚುಗೆ ಇದೆಯೇ ಎಂಬುದು ನನ್ನ ಪ್ರಶ್ನೆ.

ನಮ್ಮ ತುಮಕೂರು ಕಡೆಯ ಹಳ್ಳಿಗಳಲ್ಲಿ ಊರ ಗಂಡಸರೇ ಬಣ್ಣ ಹಚ್ಚಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಆ ರಾತ್ರಿಯ ರಂಗದ ಮೇಲೆ ಎರಡು ಬಗೆಯ ಮರ್ಯಾದೆ ಸಲ್ಲುತ್ತದೆ. ಮೊದಲನೆಯದು, ಪಾತ್ರಧಾರಿಯ ಭಾವಮೈದುನನೋ ಚಿಕ್ಕಪ್ಪನೋ ವೇದಿಕೆ ಹತ್ತಿ ಹಾರ ಹಾಕಿ, ಅಂಗಿಗೆ ನೋಟು ಸಿಕ್ಕಿಸಿ ಇಳಿಯುವುದು. ನಮ್ಮ ಹುಡುಗ ಅರ್ಜುನನಾಗಿದ್ದಾನೆ ಎಂಬ ಅಭಿಮಾನದ ನೋಟು ಅದು. ಅವನು ಶ್ರುತಿ ತಪ್ಪಿ ಹಾಡಿದರೂ ನೋಟು ತಪ್ಪುವುದಿಲ್ಲ. ಎರಡನೆಯದು, ಕತ್ತಲಲ್ಲಿ ಚಾಪೆ ಹಾಸಿಕೊಂಡು ಕೂತ ಯಾರೋ ಒಂದು ಹಾಡಿಗೆ ಮನಸೋತು ‘ವನ್ಸ್ ಮೋರ್’ ಎಂದು ಕೂಗುವುದು, ಆ ಕೂಗು ಹಬ್ಬುವುದು, ಹಾರ್ಮೋನಿಯಂ ಮೇಷ್ಟ್ರು ನಗುತ್ತಾ ಮತ್ತೆ ಸ್ವರ ಹಿಡಿಯುವುದು. ಮೊದಲನೆಯದು ಗೆಲ್ಲಿಸುವ ಮರ್ಯಾದೆ, ಎರಡನೆಯದು ಮೆಚ್ಚುವ ಮರ್ಯಾದೆ. ಎರಡೂ ಪ್ರೀತಿಯಿಂದಲೇ ಬಂದವು, ಎರಡಕ್ಕೂ ಊರಲ್ಲಿ ಜಾಗವಿದೆ. ಆದರೆ ನೋಟು ಎಣಿಸಿ ಯಾರ ಹಾಡು ಚೆನ್ನಾಗಿತ್ತು ಎಂದು ನಿರ್ಧರಿಸುವ ತಪ್ಪನ್ನು ಯಾವ ಹಳ್ಳಿಯೂ ಮಾಡುವುದಿಲ್ಲ. ಇಂದಿನ ಪ್ರೇಕ್ಷಕ ಪ್ರಶಸ್ತಿಗಳು ಆ ತಪ್ಪನ್ನೇ ಪದ್ಧತಿ ಮಾಡಿಕೊಂಡಿವೆ.

ಇಷ್ಟು ಹೇಳಿದ ಕೂಡಲೇ ಒಂದು ಆಪಾದನೆ ಬರುತ್ತದೆ: ಜನಸಾಮಾನ್ಯರಿಗೆ ರುಚಿಯಿಲ್ಲ ಎನ್ನುತ್ತಿದ್ದೀರಿ. ಹಾಗಲ್ಲ. ಜನರ ರುಚಿಯ ಮೇಲೆ ನಂಬಿಕೆ ಇರುವುದರಿಂದಲೇ ಈ ಬರಹ. ಆ ನಂಬಿಕೆಗೆ ಚರಿತ್ರೆಯ ಆಧಾರವೂ ಇದೆ. 1954ರಲ್ಲಿ ಮುಂಬೈಯ ಮೆಟ್ರೋ ಚಿತ್ರಮಂದಿರದಲ್ಲಿ ಮೊದಲ ಬಾರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಕೊಟ್ಟಾಗ ಇದ್ದದ್ದು ಐದೇ ವಿಭಾಗ, ಆರಿಸಿದ್ದು ಪತ್ರಿಕೆಯ ಓದುಗರು. ಅವರ ಮತ ಬಿದ್ದದ್ದು ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ ಚಿತ್ರಕ್ಕೆ. ಎರಡು ಬಿಘಾ ಹೊಲ ಉಳಿಸಿಕೊಳ್ಳಲು ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುವ ರೈತನ ಕಥೆ ಅದು. ಬಲರಾಜ್ ಸಾಹ್ನಿ ಎಂಬ ಮಹಾನಟನ ಬೆವರು ಅದರಲ್ಲಿದೆ. ಅದೇ ವರ್ಷ ಕೇಂದ್ರ ಸರ್ಕಾರವೂ ಮೊದಲ ಬಾರಿಗೆ ರಾಷ್ಟ್ರಮಟ್ಟದ ಪ್ರಶಸ್ತಿ ಕೊಟ್ಟಿತು. ತೀರ್ಪುಗಾರರು ಚಿನ್ನದ ಪದಕ ಕೊಟ್ಟದ್ದು ಆಚಾರ್ಯ ಅತ್ರೆಯವರ ಮರಾಠಿ ಚಿತ್ರ ‘ಶ್ಯಾಮಚಿ ಆಯಿ’ಗೆ. ‘ದೋ ಬಿಘಾ ಜಮೀನ್’ಗೆ ಸಿಕ್ಕಿದ್ದು ಅರ್ಹತಾ ಪತ್ರ. ಎರಡೂ ಒಳ್ಳೆಯ ಚಿತ್ರಗಳೇ. ಆದರೆ ಎಪ್ಪತ್ತು ವರ್ಷಗಳ ಬಳಿಕವೂ ಭಾರತೀಯ ಸಿನಿಮಾದ ಮಾತು ಬಂದಾಗಲೆಲ್ಲ ನೆನೆಯುವ ಚಿತ್ರವನ್ನು ಆ ವರ್ಷ ಸಾಮಾನ್ಯ ಓದುಗರು ಗುರುತಿಸಿದ್ದರು. ಹಾಡು-ಕುಣಿತ ಮಾತ್ರ ಬೇಕು, ಕಷ್ಟದ ಕಥೆ ಬೇಡ ಎಂದು ಪ್ರೇಕ್ಷಕರ ಹೆಸರಲ್ಲಿ ಮಾತಾಡುವವರು ಈ ಆಯ್ಕೆಯನ್ನು ನೆನಪಿಡಬೇಕು.

ಹಾಗಾದರೆ ಕೆಟ್ಟದ್ದು ಎಲ್ಲಿ? ಜನರಲ್ಲಿ ಕೆಟ್ಟಿಲ್ಲ, ಅವರನ್ನು ಕೇಳುವ ಕ್ರಮದಲ್ಲಿ ಕೆಟ್ಟಿದೆ. 2022ರಲ್ಲಿ ಆಸ್ಕರ್ ಅಕಾಡೆಮಿ ಜನಪ್ರಿಯ ಚಿತ್ರಗಳಿಗೂ ಒಂದು ಗೌರವವಿರಲಿ ಎಂದು ಟ್ವಿಟರ್‌ನಲ್ಲಿ ಅಭಿಮಾನಿಗಳ ಮತ ಕೇಳಿತು. ಒಬ್ಬರು ದಿನಕ್ಕೆ ಇಪ್ಪತ್ತು ಮತ ಹಾಕಬಹುದಿತ್ತು. ಆ ಸಾಲಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಗಳಿಸಿದ್ದ ಚಿತ್ರ ‘ಸ್ಪೈಡರ್ ಮ್ಯಾನ್: ನೋ ವೇ ಹೋಮ್’. ಕೋಟ್ಯಂತರ ಜನ ಟಿಕೆಟ್ ಕೊಂಡು ನೋಡಿದ ಆ ಚಿತ್ರ ಜನರ ಮತದಲ್ಲಿ ಮೊದಲ ಮೂರು ಸ್ಥಾನಗಳಲ್ಲೂ ಬರಲಿಲ್ಲ. ಮೊದಲು ಬಂದದ್ದು ನಿರ್ದೇಶಕ ಜ್ಯಾಕ್ ಸ್ನೈಡರ್ ಅವರ ‘ಆರ್ಮಿ ಆಫ್ ದ ಡೆಡ್’. ಅವರ ಬೆನ್ನಿಗೆ ವರ್ಷಗಳಿಂದ ಸಂಘಟಿತವಾದ ಅಭಿಮಾನಿ ಪಡೆಯಿದೆ. ಎರಡು ಮತ್ತು ಮೂರನೆಯ ಸ್ಥಾನಕ್ಕೆ ಒಬ್ಬ ಪ್ರಸಿದ್ಧ ಗಾಯಕಿ ನಟಿಸಿದ ‘ಸಿಂಡರೆಲ್ಲಾ’, ಜಾನಿ ಡೆಪ್ ನಟಿಸಿದ ‘ಮಿನಮಾಟಾ’ ಬಂದವು. ಇಲ್ಲಿ ಗಮನಿಸಬೇಕಾದ ವಿಷಯ ಗುಣದ್ದಲ್ಲ, ಎಣಿಕೆಯದು. ಪ್ರೇಕ್ಷಕರ ಮತ ಕಲೆಯ ಬೆಲೆ ಕಟ್ಟದಿದ್ದರೂ ಜನಪ್ರಿಯತೆಯನ್ನಾದರೂ ಸರಿಯಾಗಿ ಅಳೆಯುತ್ತದೆ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಇಲ್ಲಿ ಅದೂ ಆಗಲಿಲ್ಲ. ಅತಿ ಹೆಚ್ಚು ಜನ ನೋಡಿದ ಚಿತ್ರ ಸೋತು, ಅತಿ ಹೆಚ್ಚು ಹಟವಿದ್ದವರ ಚಿತ್ರ ಗೆದ್ದಿತು.

ನಮ್ಮಲ್ಲಿಯೂ ಇದೇ ಕಥೆ. 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ ಹನ್ನೊಂದನೆಯ ಆವೃತ್ತಿಯನ್ನು ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ ಗೆದ್ದರು. ಅವರಿಗೆ ಬಂದ ಮತ ಐದು ಕೋಟಿಗೂ ಮೀರಿತ್ತು ಎಂದು ವೇದಿಕೆಯಲ್ಲೇ ಪ್ರಕಟವಾಯಿತು. ಹನುಮಂತರ ಸರಳತೆ ನನಗೂ ಇಷ್ಟ, ಅವರ ಗೆಲುವಿಗೆ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆ ಸಂಖ್ಯೆಯ ಮುಂದೆ ಒಂದು ಕ್ಷಣ ನಿಲ್ಲಬೇಕು. 2011ರ ಜನಗಣತಿಯಂತೆ ತೊಟ್ಟಿಲ ಕೂಸಿನಿಂದ ತೊಂಬತ್ತರ ಅಜ್ಜಿಯವರೆಗೆ ಎಲ್ಲರನ್ನೂ ಸೇರಿಸಿದರೂ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. ಒಬ್ಬ ಸ್ಪರ್ಧಿಗೆ ಐದು ಕೋಟಿ ಮತ ಬಂದಿದೆ ಎಂದರೆ ಐದು ಕೋಟಿ ಜನ ಮತ ಹಾಕಿದರು ಎಂದು ಅರ್ಥವಲ್ಲ. ಒಬ್ಬೊಬ್ಬರು ಎಷ್ಟೆಷ್ಟು ಸಲ ಒತ್ತಿದರು ಎಂಬುದು ಅದರೊಳಗೆ ಅಡಗಿದೆ. ಆ ಕಾರ್ಯಕ್ರಮ ಆಟವಾದ್ದರಿಂದ ಅಲ್ಲಿ ಇದು ನಡೆದೀತು. ಇದೇ ಎಣಿಕೆಯನ್ನು ನಟನೆಗೆ, ಕಥೆಗೆ, ನಿರ್ದೇಶನಕ್ಕೆ ತಂದು ‘ಜನರ ತೀರ್ಪು’ ಎಂದಾಗ ಮಾತು ಬೇರೆಯಾಗುತ್ತದೆ. ತೀರ್ಪು ಎನ್ನಬೇಕಾದರೆ ತಲೆಗೊಂದು ಮತ ಎಂಬುದು ಮೊದಲ ನಿಯಮವಾಗಬೇಕು.

ಕೆಲವು ಸಮಯದ ಹಿಂದೆ ಅಕ್ಕನ ಮನೆಗೆ ಹೋಗಿದ್ದಾಗ ಅಕ್ಕನ ಮಗಳು ಓಡಿಬಂದು, “ಮಾಮ, ನಿಮ್ಮ ಫೋನ್ ಕೊಡಿ ಇಲ್ಲಿ, ಎರಡೇ ನಿಮಿಷ” ಎಂದಳು. ಅಪ್ಪನದು, ಅಣ್ಣನದು, ತನ್ನದು ಆಗಲೇ ಮುಗಿದಿತ್ತು. ಯಾವುದೋ ಧಾರಾವಾಹಿಯ ನಾಯಕಿಗೆ ಮತ. “ಆ ಧಾರಾವಾಹಿ ನೋಡ್ತೀಯೇನಮ್ಮ?” ಎಂದೆ. “ಇಲ್ಲ ಮಾಮ, ಆದ್ರೆ ಆ ಹೀರೋಯಿನ್ ನಮ್ಮ ಕಡೆಯವಳು, ಗೆಲ್ಲಿಸ್ಬೇಕು” ಎಂದಳು. ಮಗುವಿನ ಮಾತಿನಲ್ಲಿ ಎಷ್ಟು ನಿಚ್ಚಳವಾಗಿ ಆ ಕ್ರಿಯಾಪದ ಬಂತು! ಮೆಚ್ಚಿದ್ದೇನೆ ಎಂದು ಅವಳು ಸುಳ್ಳು ಹೇಳಲಿಲ್ಲ. ಅವಳ ಮತವನ್ನು ಮೆಚ್ಚುಗೆ ಎಂದು ಕರೆದವರು ಬೇರೆಯವರು. ಅದೇ ಪಡಸಾಲೆಯಲ್ಲಿ ಗೋಡೆಗೊರಗಿ ಅಮ್ಮ ಕೂತಿದ್ದರು. ಆ ಧಾರಾವಾಹಿಯ ಒಂದು ಸಂಚಿಕೆಯನ್ನೂ ಅವರು ಬಿಟ್ಟಿಲ್ಲ. “ಆ ಹುಡುಗಿ ಅಳೋದು ಯಾಕೋ ನಿಜ ಅನ್ನಿಸಲ್ಲ ಕಣಪ್ಪ. ಪಕ್ಕದ್ಮನೆ ಹೆಂಗಸಿನ ಪಾರ್ಟು ಮಾಡ್ತಾಳಲ್ಲ, ಅವಳು ಸುಮ್ನೆ ನಿಂತ್ರೂ ಎದೆ ಚುರ್ ಅನ್ನುತ್ತೆ” ಎಂದರು. ಆ ಮನೆಯಲ್ಲಿ ಅಂದು ನಡೆದ ನಿಜವಾದ ವಿಮರ್ಶೆ ಅಮ್ಮನದು. ಅವರ ಕೈಯಲ್ಲಿರುವುದು ಗುಂಡಿ ಒತ್ತುವ ಹಳೆಯ ಫೋನು. ಅದಕ್ಕೆ ಆ್ಯಪ್ ಇಳಿಯುವುದಿಲ್ಲ. ನೂರಾರು ಸಂಚಿಕೆ ನೋಡಿದವರ ಮತ ಸೊನ್ನೆ, ಒಂದೂ ನೋಡದವಳ ಮತ ನಾಲ್ಕು ಫೋನಿಂದ ನಾಲ್ಕು. ‘ಪ್ರೇಕ್ಷಕರ ಪ್ರಶಸ್ತಿ’ಯಲ್ಲಿ ಇಲ್ಲದವರು ಪ್ರೇಕ್ಷಕರೇ.

ಗೆಲ್ಲಿಸುವ ಮತ ಎಷ್ಟು ಆಳಕ್ಕೆ ಹೋಗಬಲ್ಲದು ಎಂಬುದಕ್ಕೆ 2007ರ ಇಂಡಿಯನ್ ಐಡಲ್‌ಗಿಂತ ದೊಡ್ಡ ನಿದರ್ಶನ ನಮ್ಮ ದೇಶದಲ್ಲಿಲ್ಲ. ಕೊನೆಯ ಸುತ್ತಿಗೆ ಬಂದವರು ಶಿಲ್ಲಾಂಗಿನ ಅಮಿತ್ ಪಾಲ್ ಮತ್ತು ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್. ಪ್ರಶಾಂತ್ ಆಗ ಕೋಲ್ಕತ್ತ ಪೊಲೀಸ್ ಇಲಾಖೆಯ ಕಾನ್‌ಸ್ಟೆಬಲ್ ಆಗಿದ್ದರು. ಬೆಟ್ಟದ ನೇಪಾಳಿ ಭಾಷಿಕರು ಅವರ ಹಿಂದೆ ಒಂದಾಗಿ ನಿಂತರು, ಹಣ ಕೂಡಿಸಿದರು, ಹಗಲು ರಾತ್ರಿ ಎಸ್ಸೆಮ್ಮೆಸ್ ಕಳಿಸಿದರು. ಪ್ರಶಾಂತ್ ಗೆದ್ದರು. ಆ ಮೇಲೆ ರೇಡಿಯೋದಲ್ಲಿ ಬಂದ ಒಂದು ಹೀನ ಮಾತಿಗೆ ಸಿಲಿಗುರಿಯಲ್ಲಿ ಗಲಭೆಯಾಯಿತು. ಪ್ರಶಾಂತ್ ಪರ ಪ್ರಚಾರದ ಮುಂಚೂಣಿಯಲ್ಲಿದ್ದ ಬಿಮಲ್ ಗುರುಂಗ್ ಅದೇ ಅಕ್ಟೋಬರಿನಲ್ಲಿ ಗೋರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಪ್ರತ್ಯೇಕ ಗೋರ್ಖಾಲ್ಯಾಂಡ್ ರಾಜ್ಯದ ಬೇಡಿಕೆ ಮತ್ತೆ ಹೊತ್ತಿಕೊಂಡು ಬೆಟ್ಟದ ರಾಜಕೀಯವೇ ಕೈ ಬದಲಾಯಿತು. ಆ ಜನರನ್ನು ನಾನು ಟೀಕಿಸಲಾರೆ. ಸ್ವಂತ ದೇಶದಲ್ಲೇ ಪರದೇಶಿಗಳೆಂದು ಕರೆಸಿಕೊಂಡವರಿಗೆ, ನಾವೂ ಇದ್ದೇವೆ ಎಂದು ದೇಶದೆದುರು ಹೇಳಲು ಒಂದು ಅವಕಾಶ ಸಿಕ್ಕಿತ್ತು. ಅವರು ಅದನ್ನು ಬಳಸಿಕೊಂಡರು. ಅದು ಘನವಾದ ಮತವೇ. ಆದರೆ ಅದು ಸಂಗೀತದ ಕುರಿತ ಮತವಾಗಿರಲಿಲ್ಲ. ಇಬ್ಬರಲ್ಲಿ ಯಾರ ಸ್ವರ ಶುದ್ಧ, ಯಾರ ಹಾಡಿನಲ್ಲಿ ಭಾವ ಹೆಚ್ಚು ಎಂಬ ಪ್ರಶ್ನೆಗೆ ಆ ಕೋಟಿ ಸಂದೇಶಗಳಲ್ಲಿ ಉತ್ತರವಿರಲಿಲ್ಲ. ಒಂದು ಸಮುದಾಯದ ನೋವನ್ನು ಹಾಡಿನ ತಕ್ಕಡಿಗೆ ಹಾಕಿ ತೂಗಿದಾಗ ನೋವಿಗೂ ಅನ್ಯಾಯ, ಹಾಡಿಗೂ ಅನ್ಯಾಯ.

ಇನ್ನು ನಮ್ಮ ವಾಹಿನಿಗಳ ಪ್ರಶಸ್ತಿಗಳು. ಜೀ ಕನ್ನಡದ ಕುಟುಂಬ ಅವಾರ್ಡ್ಸ್ ಇರಲಿ, ಕಲರ್ಸ್ ಕನ್ನಡದ ಅನುಬಂಧ ಇರಲಿ, ಸ್ಪರ್ಧೆಯಲ್ಲಿರುವುದು ಆಯಾ ವಾಹಿನಿಯ ಧಾರಾವಾಹಿಗಳೇ. ಮನೆಮಂದಿಯ ಹಬ್ಬವಾಗಿ ಇದು ಸೊಗಸು. ವರ್ಷವಿಡೀ ದುಡಿದ ಕಲಾವಿದರು ಒಂದು ಸಂಜೆ ಹೊಸ ಬಟ್ಟೆ ಉಟ್ಟು ಒಟ್ಟಿಗೆ ಕೂರುವುದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಹಬ್ಬವನ್ನು ತೀರ್ಪು ಎಂದು ಕರೆದಾಗ ಕೇಳಲೇಬೇಕಾದ ಪ್ರಶ್ನೆಗಳಿವೆ. ಪಕ್ಕದ ವಾಹಿನಿಯ ಒಳ್ಳೆಯ ಧಾರಾವಾಹಿಯೊಂದಿಗೆ ಹೋಲಿಸುವ ಅವಕಾಶವೇ ಇಲ್ಲದೆ ‘ಅತ್ಯುತ್ತಮ’ ಎಂಬ ಪದ ಹೇಗೆ ಬಂತು? ನಾಯಕ, ನಾಯಕಿ, ಅತ್ತೆ, ಸೊಸೆ, ಜೋಡಿ ಎಂದು ವಿಭಾಗಗಳು ಬೆಳೆಯುತ್ತಲೇ ಹೋಗುತ್ತವೆ. ಇಂದು ಬರೆದ ದೃಶ್ಯ ನಾಳೆ ಚಿತ್ರೀಕರಣಕ್ಕೆ ಹೋಗಬೇಕೆಂಬ ಒತ್ತಡದಲ್ಲಿ ಸಂಭಾಷಣೆ ಬರೆಯುವವರು, ಸಂಕಲನದ ಮೇಜಿನಲ್ಲಿ ರಾತ್ರಿ ಕಳೆಯುವವರು, ಸಂಚಿಕೆ ನಿರ್ದೇಶಕರು, ಇವರ ಕೆಲಸ ಹೇಗಿತ್ತು ಎಂದು ಪ್ರೇಕ್ಷಕರನ್ನು ಯಾರು ಕೇಳುತ್ತಾರೆ? ಕಥೆ ಎಲ್ಲಿ ಜಗ್ಗಿತು, ಯಾವ ಪಾತ್ರವನ್ನು ಕಾರಣವಿಲ್ಲದೆ ಕೆಟ್ಟದ್ದು ಮಾಡಿದಿರಿ ಎಂದು ಅಮ್ಮನಂಥವರು ದಿನವೂ ಹೇಳುತ್ತಾರೆ. ಆ ಅರಿವನ್ನು ದಾಖಲಿಸುವ ಜಾಗ ಮತಪೆಟ್ಟಿಗೆಯಲ್ಲಿಲ್ಲ. ‘ಯಾರು?’ ಎಂದು ಮಾತ್ರ ಕೇಳಿ ‘ಯಾಕೆ?’ ಎಂದು ಕೇಳದಿರುವುದು ಪ್ರೇಕ್ಷಕರಿಗೆ ಕೊಡುವ ಮರ್ಯಾದೆಯಾಗಲಾರದು.

ಇದಕ್ಕಿಂತ ಗಂಭೀರವಾದದ್ದು ಹೊಣೆಯ ಪ್ರಶ್ನೆ. ತೀರ್ಪುಗಾರರಿಗೆ ಹೆಸರಿರುತ್ತದೆ, ಮುಖವಿರುತ್ತದೆ. ಅವರ ಆಯ್ಕೆ ಸರಿಯಿಲ್ಲವೆಂದು ಪತ್ರಿಕೆಯಲ್ಲಿ ಬರೆಯಬಹುದು, ಬೀದಿಯಲ್ಲಿ ನಿಲ್ಲಿಸಿ ಕೇಳಬಹುದು. ‘ಜನ ಕೊಟ್ಟದ್ದು’ ಎಂದ ಕೂಡಲೇ ಬಾಯಿ ಮುಚ್ಚುತ್ತದೆ. ಜನರನ್ನು ಪ್ರಶ್ನಿಸುವವರು ಯಾರು? ಎಣಿಸಿದವರು ಆ ಜನರ ಬೆನ್ನ ಹಿಂದೆ ನಿಂತುಬಿಡುತ್ತಾರೆ. 2005ರ ಬ್ರಿಟಿಷ್ ಕಾಮಿಡಿ ಅವಾರ್ಡ್ಸ್‌ನಲ್ಲಿ ‘ಜನರ ಆಯ್ಕೆ’ ಪ್ರಶಸ್ತಿಗೆ ವೀಕ್ಷಕರು ಹಣ ತೆತ್ತು ಫೋನಿನಲ್ಲಿ ಮತ ಹಾಕಿದ್ದರು. ಹೆಚ್ಚು ಮತ ಬಂದದ್ದು ‘ಕ್ಯಾಥರೀನ್ ಟೇಟ್ ಶೋ’ಗೆ. ವೇದಿಕೆಯಲ್ಲಿ ಪ್ರಶಸ್ತಿ ಹೋದದ್ದು ಆಂಟ್ ಮತ್ತು ಡೆಕ್ ಎಂಬ ಜನಪ್ರಿಯ ನಿರೂಪಕ ಜೋಡಿಯ ಕಾರ್ಯಕ್ರಮಕ್ಕೆ. ಈ ಸತ್ಯ ಹೊರಬಿದ್ದದ್ದು 2008ರಲ್ಲಿ. ಏನೂ ತಿಳಿಯದೆ ಪ್ರಶಸ್ತಿ ಪಡೆದಿದ್ದ ಆ ಇಬ್ಬರು ಅದನ್ನು ಹಿಂದಿರುಗಿಸಿದರು. ಬಿಗಿಯಾದ ಪ್ರಸಾರ ನಿಯಂತ್ರಣವಿರುವ ದೇಶದಲ್ಲಿ ಜನರ ಆಯ್ಕೆಯೇ ಅದಲುಬದಲಾಗಿ, ಅದು ಬಯಲಾಗಲು ಮೂರು ವರ್ಷ ಬೇಕಾಯಿತು. ಮತಗಳ ಸಂಖ್ಯೆಯನ್ನೂ ಎಣಿಕೆಯ ಕ್ರಮವನ್ನೂ ಪ್ರಕಟಿಸದ ಪ್ರಶಸ್ತಿಗಳಲ್ಲಿ ನಮ್ಮ ಮತ ಎಲ್ಲಿಗೆ ಸೇರಿತೆಂದು ತಿಳಿಯುವ ದಾರಿಯೇ ಇಲ್ಲ.

ಹಾಗೆಂದು ತೀರ್ಪುಗಾರರೇ ಪರಮ ಎಂದು ನಾನು ಹೇಳುತ್ತಿಲ್ಲ. ಜನರ ಮತದ ಮೇಲೆ ಇಷ್ಟು ಭಕ್ತಿ ಹುಟ್ಟಲು ತೀರ್ಪುಗಾರರ ಪ್ರಶಸ್ತಿಗಳ ದುಃಸ್ಥಿತಿಯೂ ಕಾರಣ. 2019ರ ಸಾಲಿನ ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿ ಪ್ರಕಟವಾದದ್ದು 2025ರಲ್ಲಿ. ಐದು ವರ್ಷ ತಡವಾಗಿ ಬಂದ ಗೌರವ ಯಾರ ಮನಸ್ಸನ್ನು ಮುಟ್ಟೀತು? ಚಿತ್ರವನ್ನೇ ಜನ ಮರೆತಿರುತ್ತಾರೆ. ಕೆಲವೇ ಮಂದಿ ಮುಚ್ಚಿದ ಕೋಣೆಯಲ್ಲಿ ಕೂತು ಆರಿಸುವಾಗ ಸ್ನೇಹ, ಒತ್ತಡ, ಅಭ್ಯಾಸಬಲ ಎಲ್ಲವೂ ಕೆಲಸ ಮಾಡುತ್ತವೆ. ಆದರೂ ತೀರ್ಪುಗಾರರು ಒಂದು ಕೆಲಸವನ್ನು ಮಾಡಲೇಬೇಕಾಗಿರುತ್ತದೆ: ಮುಂದಿಟ್ಟ ಚಿತ್ರಗಳನ್ನು ಕೂತು ನೋಡುವುದು. ಆ ಒಂದು ಕಟ್ಟಳೆಯಿಂದಾಗಿ ಅವರ ತಪ್ಪಿಗೂ ತೀರ್ಪಿನ ಯೋಗ್ಯತೆ ಉಳಿದಿರುತ್ತದೆ. ಪ್ರೇಕ್ಷಕರ ಮತಕ್ಕೂ ಅದೇ ಕಟ್ಟಳೆ ಹಾಕಿದರೆ ಏನಾಗುತ್ತದೆ?

ಅದಕ್ಕೂ ಉತ್ತರವಿದೆ. ಟೊರಾಂಟೊ ಚಿತ್ರೋತ್ಸವ 1978ರಿಂದ ಪ್ರೇಕ್ಷಕ ಪ್ರಶಸ್ತಿ ಕೊಡುತ್ತಿದೆ. ಮತ ಹಾಕುವವರು ಟಿಕೆಟ್ ಪಡೆದು ಚಿತ್ರ ನೋಡಲು ಬಂದವರು. ‘ಸ್ಲಮ್‌ಡಾಗ್ ಮಿಲಿಯನೇರ್’, ‘ದ ಕಿಂಗ್ಸ್ ಸ್ಪೀಚ್’, ‘12 ಇಯರ್ಸ್ ಎ ಸ್ಲೇವ್’, ‘ನೊಮ್ಯಾಡ್‌ಲ್ಯಾಂಡ್’ ಚಿತ್ರಗಳನ್ನು ಆಸ್ಕರ್ ಗುರುತಿಸುವ ಮೊದಲೇ ಅಲ್ಲಿನ ಪ್ರೇಕ್ಷಕರು ಗುರುತಿಸಿದ್ದರು. ಇಲ್ಲೇ ಪಕ್ಕದ ತಿರುವನಂತಪುರದ ಚಿತ್ರೋತ್ಸವದಲ್ಲಿಯೂ ಪ್ರತಿನಿಧಿಗಳ ಮತದ ಪ್ರಶಸ್ತಿಯಿದೆ. 2022ರಲ್ಲಿ ಅದು ಸಂದದ್ದು ಲಿಜೋ ಜೋಸ್ ಪೆಲ್ಲಿಶೇರಿ ಅವರ ‘ನನ್‌ಪಗಲ್ ನೇರತ್ತ್ ಮಯಕ್ಕಂ’ಗೆ. ಬಸ್ಸಿನಲ್ಲಿ ನಿದ್ದೆಯಿಂದ ಎದ್ದ ಮಲಯಾಳಿಯೊಬ್ಬ ತಮಿಳು ಹಳ್ಳಿಗೆ ನಡೆದುಹೋಗಿ ಕಾಣೆಯಾದ ಇನ್ನೊಬ್ಬನಂತೆ ಬದುಕತೊಡಗುವ, ನಿಧಾನ ನಡೆಯ, ಕನಸಿನಂಥ ಚಿತ್ರ ಅದು. ಯಾವ ವಾಹಿನಿಯೂ ಇದು ಜನರಿಗೆ ಹಿಡಿಸುತ್ತದೆ ಎಂದು ಪಣ ಕಟ್ಟುತ್ತಿರಲಿಲ್ಲ. ನೋಡಿದ ಜನ ಅದನ್ನೇ ಎತ್ತಿಹಿಡಿದರು. ನಮ್ಮ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ ‘ಲೂಸಿಯಾ’ 2013ರಲ್ಲಿ ಲಂಡನ್ ಭಾರತೀಯ ಚಿತ್ರೋತ್ಸವದ ಪ್ರೇಕ್ಷಕ ಪ್ರಶಸ್ತಿ ಪಡೆದದ್ದೂ ಹೀಗೆಯೇ. ದೊಡ್ಡ ತಾರೆಯಿಲ್ಲದ, ಎರಡು ಬದುಕುಗಳನ್ನು ಹೆಣೆದ ಒಂದು ಕನ್ನಡ ಚಿತ್ರ ಲಂಡನ್ನಿನ ನೋಡುಗರ ಮನ ಗೆದ್ದಿತು.

ಚಿತ್ರೋತ್ಸವಕ್ಕೆ ಬರುವವರು ಓದಿದವರು, ನಗರದವರು, ಅವರನ್ನು ಜನ ಎನ್ನಲಾಗದು ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ನನ್ನ ವಾದವನ್ನು ಮುರಿಯುವುದಿಲ್ಲ. ಅಲ್ಲಿ ಫಲ ಕೊಟ್ಟದ್ದು ಓದಲ್ಲ, ನೋಟ. ಅದೇ ಕಟ್ಟಳೆಯನ್ನು ರಾಯಚೂರಿನ, ಹಾಸನದ ಚಿತ್ರಮಂದಿರದ ಬಾಗಿಲಿಗೂ ತರಬಹುದು. ಟಿಕೆಟ್ ಹರಿದು ಒಳಗೆ ಬಿಟ್ಟವರಿಗೆ ಹೊರಬರುವಾಗ ಒಂದು ಚೀಟಿ, ಒಬ್ಬರಿಗೆ ಒಂದೇ. ಧಾರಾವಾಹಿಗಾದರೆ ಜಿಲ್ಲೆ ಜಿಲ್ಲೆಯಲ್ಲಿ ಚೀಟಿ ಎತ್ತಿ ಆರಿಸಿದ ಕೆಲವು ನೂರು ಮನೆಗಳಿಗೆ ಹೋಗಿ, ದಿನವೂ ನೋಡುವವರನ್ನು ಕೂರಿಸಿಕೊಂಡು, ಎಲ್ಲ ವಾಹಿನಿಗಳ ಕಥೆಗಳನ್ನೂ ಮುಂದಿಟ್ಟು ‘ಯಾರು, ಯಾಕೆ’ ಎಂದು ಕೇಳಬಹುದು. ಕೊನೆಗೆ ಎಷ್ಟು ಜನರನ್ನು ಕೇಳಿದೆವು, ಯಾರಿಗೆ ಎಷ್ಟು ಬಂತು ಎಂದು ಬಹಿರಂಗವಾಗಿ ಹೇಳಬೇಕು. ಆಗ ಅಂಕಿ ಚಿಕ್ಕದಾಗುತ್ತದೆ. ಐದು ಕೋಟಿಯ ಬದಲು ಐದು ಸಾವಿರ ಬರಬಹುದು. ಆ ಐದು ಸಾವಿರ ನಿಜವಾದ ಮನುಷ್ಯರದ್ದಾಗಿರುತ್ತದೆ.

ಕರೆಯದೆ, ಬೇಡದೆ ಜನ ತಾವಾಗಿ ತೀರ್ಪು ಕೊಟ್ಟ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ಆ ಓಟದ ಹಿಂದೆ ರಾಜ್‌ಕುಮಾರ್ ಅವರ ಅಭಿಮಾನಿಗಳಿದ್ದರು, ನಿಜ. ಆದರೆ ಅಭಿಮಾನ ಒಂದು ವಾರ ತುಂಬಿಸೀತು, ಎರಡು ವರ್ಷ ತುಂಬಿಸಿದ್ದು ನೋಡಿ ಹೋಗಿ ಇನ್ನೊಬ್ಬರನ್ನು ಕರೆತಂದವರು. 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ಗೆ ಅಭಿಮಾನಿ ಪಡೆಯೂ ಇರಲಿಲ್ಲ. ಕರಾವಳಿಯ ಒಂದು ಊರು, ಅಷ್ಟೇನೂ ಪರಿಚಿತವಲ್ಲದ ಮುಖಗಳು. ನೋಡಿದವರು ಹೊರಬಂದು ಮನೆಗೆ ಫೋನ್ ಮಾಡಿ “ನೋಡ್ಬೇಕು ಮಾರಾಯ್ರೆ” ಎಂದರು. ಬಾಯಿಂದ ಬಾಯಿಗೆ ಹಬ್ಬಿದ ಆ ಮಾತಿಗೆ ಚಿತ್ರಮಂದಿರಗಳು ತುಂಬಿದವು. ಯಾವ ಆ್ಯಪಿನಲ್ಲೂ ದಾಖಲಾಗದ ಆ ಕರೆಗಳೇ ಪ್ರೇಕ್ಷಕರ ಮತ.

ಅದಕ್ಕೇ ಪ್ರೇಕ್ಷಕ ಪ್ರಶಸ್ತಿಗಳು ಬೇಡವೆಂದು ನಾನು ಹೇಳುವುದಿಲ್ಲ. ಅವು ತಮ್ಮ ಹೆಸರಿಗೆ ತಕ್ಕಂತೆ ಇರಲಿ ಎಂದು ಕೇಳುತ್ತೇನೆ. ಅಭಿಮಾನಿಗಳ ಸಂಭ್ರಮವನ್ನು ಅಭಿಮಾನಿಗಳ ಪ್ರಶಸ್ತಿ ಎಂದೇ ಕರೆದು ಪ್ರೀತಿಯಿಂದ ಕೊಡೋಣ, ಊರ ನಾಟಕದಲ್ಲಿ ಚಿಕ್ಕಪ್ಪ ನೋಟು ಸಿಕ್ಕಿಸುವ ಹಾಗೆ. ಅಕ್ಕನ ಮಗಳ ಖುಷಿಗೆ ಅಡ್ಡ ಬರುವುದು ಬೇಡ. ಜನಮೆಚ್ಚಿದ್ದು ಎಂಬ ಪದವನ್ನು ಮಾತ್ರ ಗೋಡೆಗೊರಗಿ ಕೂತು ನೋಡುವ ಅಮ್ಮನಿಗೆ ಬಿಟ್ಟುಕೊಡಬೇಕು. ಹಾಡು ಕೇಳದವನು ‘ವನ್ಸ್ ಮೋರ್’ ಎಂದು ಕೂಗಲಾರ. ನಾಟಕದ ಆ ರಾತ್ರಿ ಹಾರ್ಮೋನಿಯಂ ಮೇಷ್ಟ್ರು ಕತ್ತಲಿನತ್ತ ಕಿವಿಯಿಟ್ಟು ಕಾಯುತ್ತಿದ್ದದ್ದು ಆ ಕೂಗಿಗೆ. ಅಂಗಿ ತುಂಬ ನೋಟು ತೂಗಿಸಿಕೊಂಡು ನಿಂತ ಅರ್ಜುನನೂ ಕಾಯುತ್ತಿದ್ದದ್ದು ಅದಕ್ಕೇ.